ಅನಂತಪುರ: ಕುಂಬಳೆ ಸೀಮೆಯ ಒಂದು ಪುಟ್ಟ ಗ್ರಾಮ

ತಿರುವನಂತಪುರದ ಅನಂತಪದ್ಮನಾಭಸ್ವಾಮಿಯ ಹೆಸರನ್ನು ಕೇಳದ ಕನ್ನಡಿಗನು ಕೇರಳದಲ್ಲಿ ಇರಲಾರನು. ಆದರೆ ಆ ಮಹಾಕ್ಷೇತ್ರದ ಮೂಲಸ್ಥಾನವೆಂದು ಪ್ರತೀತಿಯುಳ್ಳ ಗ್ರಾಮವೊಂದು ನಮ್ಮ ಕುಂಬಳೆ ಸೀಮೆಯಲ್ಲಿಯೇ ಇದೆಯೆಂಬುದು ಬಹುಮಂದಿಗೆ ತಿಳಿಯದು. ಕಲೂರಿನ ಹೋಟೆಲುಗಳಲ್ಲಿ ದುಡಿಯುವವರೂ ಎರ್ನಾಕುಳದ ಕಚೇರಿಗಳಲ್ಲಿ ಗುಮಾಸ್ತರಾಗಿರುವವರೂ ರಜೆಯಲ್ಲಿ ಊರಿಗೆ ಹೋಗುವಾಗ, ಕಾಸರಗೋಡು ದಾಟಿದ ಮೇಲೆ ರೈಲುಹಳಿಯ ಮೂಡಲಿಗಿರುವ ಕೆಂಪು ಗುಡ್ಡಗಳನ್ನು ನೋಡಿಯೇ ಇರುತ್ತಾರೆ. ಆ ಗುಡ್ಡಗಳ ನಡುವೆ, ಕುಂಬಳೆ ಪೇಟೆಯಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಅನಂತಪುರವಿದೆ. ಇಂದಿನ ಸರಕಾರಿ ಲೆಕ್ಕದಲ್ಲಿ ಅದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿಗೆ ಸೇರಿದುದು.

ನೆಲ ಮತ್ತು ನೀರು

ಈ ಗ್ರಾಮದ ಕಥೆಯನ್ನು ಅದರ ಕಲ್ಲಿನಿಂದಲೇ ಆರಂಭಿಸಬೇಕು. ಗುಡ್ಡದ ಮೈಯೆಲ್ಲ ಮುರಕಲ್ಲು. ಮಲಯಾಳಿಗಳು ಇದನ್ನೇ ವೆಟ್ಟುಕಲ್ಲು ಎನ್ನುತ್ತಾರೆ. ನೆಲದೊಳಗಿರುವಾಗ ಸುಲಭವಾಗಿ ಕಡಿಯಬಹುದಾದಷ್ಟು ಮೆದು. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಸುಟ್ಟ ಇಟ್ಟಿಗೆಯಂತೆ ಗಟ್ಟಿ. 1800-1801ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರಕಾರದ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಪರೀಕ್ಷಿಸಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲೋಕದ ಭೂವಿಜ್ಞಾನಿಗಳೆಲ್ಲ ಇಂದು ಬಳಸುವ ಹೆಸರು ಅದೇ.

ಈ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ ಬೇಸಗೆಯಲ್ಲಿ ಗುಡ್ಡದ ನೆತ್ತಿ ಬೋಳಾಗಿ ಕಾದಿರುತ್ತದೆ. ಬಿದ್ದ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಕೆಳಗಣ ಇಳಿಜಾರಿನಲ್ಲಿ ಒಸರುತ್ತದೆ. ಈ ಗುಟ್ಟನ್ನು ಅರಿತ ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗಗಳನ್ನು ಕೊರೆದು, ಹಗ್ಗ ರಾಟೆಗಳ ಗೊಡವೆಯಿಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದರು. ಅಡಿಕೆ ತೋಟಗಳು ಬದುಕಿದ್ದು ಹಾಗೆ. ಅನಂತಪುರದ ಸರೋವರವೂ ಇಂಥ ಒರತೆಯಿಂದ ತುಂಬುವ ಕೆರೆಯೇ; ಅದರ ವಿಸ್ತಾರ ಸುಮಾರು 2 ಎಕರೆ.

ಸರೋವರದ ನಡುವಣ ಗುಡಿ

ಆ ನೀರಿನ ನಡುವೆ ಅನಂತಪದ್ಮನಾಭನ ಗರ್ಭಗುಡಿಯಿದೆ. ಮೂಡಣ ದಡದ ಬಂಡೆಯಿಂದ ಅಲ್ಲಿಗೆ ಒಂದು ಕಿರುಸೇತುವೆ. ಗುಡಿಯು ಒಂಬತ್ತನೆಯ ಶತಮಾನದ್ದೆಂದು ಹೇಳುವುದುಂಟು. ತಿರುವನಂತಪುರದಲ್ಲಿ ಸ್ವಾಮಿಯು ಶಯನಮೂರ್ತಿ. ಇಲ್ಲಿ ಆದಿಶೇಷನ ಮೇಲೆ ಕುಳಿತವನು. ಇಲ್ಲಿಯ ಹಳೆಯ ಮೂರ್ತಿಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ. ಎಪ್ಪತ್ತಕ್ಕೂ ಮಿಕ್ಕ ದ್ರವ್ಯಗಳನ್ನು ಕೂಡಿಸಿದ ‘ಕಡುಶರ್ಕರ’ ಪಾಕದವು. ತಿರುವನಂತಪುರದ ಮೂರ್ತಿಯೂ ಇದೇ ಪಾಕದ್ದು. 1972ರಲ್ಲಿ ಕಂಚಿಯ ಜಯೇಂದ್ರ ಸರಸ್ವತಿಗಳು ಕೊಟ್ಟ ಪಂಚಲೋಹದ ಮೂರ್ತಿಗಳು ಅನಂತಪುರದಲ್ಲಿ ಪ್ರತಿಷ್ಠೆಗೊಂಡವು.

ಐತಿಹ್ಯವು ಹೀಗಿದೆ. ಇಲ್ಲಿ ತಪಸ್ಸು ಮಾಡುತ್ತಿದ್ದ ವಿಲ್ವಮಂಗಲ ಸ್ವಾಮಿಗಳ ಬಳಿಗೆ ಅನಾಥ ಬಾಲಕನೊಬ್ಬನು ಬಂದು ಸೇವೆಗೆ ನಿಂತನು. ಒಂದು ದಿನ ಅವನ ತುಂಟತನಕ್ಕೆ ಬೇಸತ್ತು ಸ್ವಾಮಿಗಳು ಕೈಯಿಂದ ತಳ್ಳಲು, ಬಾಲಕನು ತನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬರಬೇಕೆಂದು ನುಡಿದು ಸರೋವರದ ಮೂಲೆಯ ಗುಹೆಯಲ್ಲಿ ಮರೆಯಾದನು. ಅವನನ್ನು ಅರಸುತ್ತ ತೆಂಕಣಕ್ಕೆ ನಡೆದ ಸ್ವಾಮಿಗಳಿಗೆ ಇಂದಿನ ತಿರುವನಂತಪುರದಲ್ಲಿ ಇಪ್ಪೆಯ ಮರವೊಂದು ಉರುಳಿ ಅನಂತಶಯನನ ದರ್ಶನವಾಯಿತಂತೆ.

ಇದು ನಂಬಿಕೆಯ ಮಾತು. ಇತಿಹಾಸವೆಂದು ನಾವು ವಾದಿಸೆವು. ಆದರೆ ಇದರ ಬೆನ್ನಿಗೆ ನಿಲ್ಲುವ ಸಂಗತಿಯೊಂದು ನಿಜವಾಗಿಯೂ ಇದೆ. ತಿರುವನಂತಪುರದ ದೇವಸ್ಥಾನದಲ್ಲಿ ಪೂಜಾಧಿಕಾರವುಳ್ಳ ನಾಲ್ವರು ನಂಬಿಗಳು ಬರುವುದು ಚಂದ್ರಗಿರಿ ಹೊಳೆಯ ಎರಡು ದಡಗಳ ಮನೆತನಗಳಿಂದ. ಅವರಲ್ಲಿ ಪೆರಿಯ ನಂಬಿ, ಪಂಚಗವ್ಯತ್ತು ನಂಬಿಗಳೆಂಬ ಇಬ್ಬರು ಪದ್ಮನಾಭನ ಸೇವೆಗೆ; ಇನ್ನಿಬ್ಬರು ನರಸಿಂಹ, ಕೃಷ್ಣರ ಸನ್ನಿಧಿಗಳಿಗೆ. ತಿರುವಿತಾಂಕೂರಿನ ಮಾರ್ತಾಂಡವರ್ಮ ಮಹಾರಾಜನು 1750ರಲ್ಲಿ ತನ್ನ ರಾಜ್ಯವನ್ನೇ ಪದ್ಮನಾಭನಿಗೆ ಅರ್ಪಿಸಿ ದಾಸನಾಗಿ ಆಳಿದನು. ಆ ದೇವರ ಪೂಜೆಗೆ ನಿಂತವರು ನಮ್ಮ ಸೀಮೆಯ ಕಡೆಯವರು; ಮನೆಯನ್ನು ಬಿಟ್ಟು ದೂರದ ದಕ್ಷಿಣದಲ್ಲಿ ಕೆಲಸಕ್ಕೆ ನಿಂತವರು. ತೆಂಕಣಕ್ಕೆ ದುಡಿಯಲು ಬಂದವರಲ್ಲಿ ನಾವೇ ಮೊದಲಿಗರೆಂದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರಾಗಲಿ, ಒಲೆಯ ಮುಂದೆ ಬೆವರುವ ಭಟ್ಟರಾಗಲಿ ತಿಳಿಯಬೇಕಾದುದಿಲ್ಲ. ದಾರಿ ಬಹಳ ಹಳೆಯದು.

ಆಳಿದವರು

ಅನಂತಪುರವು ಕುಂಬಳೆಯ ಅರಸರ ಸೀಮೆಯಲ್ಲಿತ್ತು. ಅಡೂರು, ಮಧೂರು, ಮುಜುಂಗಾವು, ಕಣಿಪುರ ಎಂಬ ನಾಲ್ಕು ದೇವಸ್ಥಾನಗಳು ಆ ಸೀಮೆಗೆ ಪ್ರಸಿದ್ಧವಾದವು. ಯಕ್ಷಗಾನದ ಪಾರ್ತಿಸುಬ್ಬನು ಇದೇ ಕುಂಬಳೆಯವನು. 1514ರಲ್ಲಿ ಕುಂಬಳೆಗೆ ಬಂದ ಪೋರ್ತುಗೀಜ ಪ್ರವಾಸಿ ಬಾರ್ಬೋಸಾನು, ಇಲ್ಲಿಯ ಜನರು ಮಾಲ್ದೀವಿಗೆ ಅಕ್ಕಿಯನ್ನು ಕಳುಹಿಸಿ ಬದಲಿಗೆ ತೆಂಗಿನ ನಾರನ್ನು ತರಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಳಿಕ ಇಕ್ಕೇರಿಯ ನಾಯಕರು ಬಂದರು. ಶಿವಪ್ಪನಾಯಕನ ಕಾಲದ ಬೇಕಲ, ಚಂದ್ರಗಿರಿ ಕೋಟೆಗಳು ಇಂದಿಗೂ ಇವೆ. 1763ರಲ್ಲಿ ಬಿದನೂರು ಬೀಳಲು ಹೈದರನೂ, 1799ರಲ್ಲಿ ಟಿಪ್ಪುವು ಮಡಿಯಲು ಇಂಗ್ಲಿಷರೂ ಒಡೆಯರಾದರು. ತಲಚೇರಿಯಲ್ಲಿ ಆಶ್ರಯ ಪಡೆದಿದ್ದ ಕುಂಬಳೆಯ ಅರಸನು ಮರಳಿ ಬಂದರೂ ರಾಜ್ಯವು ದೊರೆಯಲಿಲ್ಲ. 1804ರಲ್ಲಿ ಅಲ್ಪ ವೇತನಕ್ಕೆ ಒಪ್ಪಿಕೊಂಡನು.

1956ನೆಯ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿಯು ಚಂದ್ರಗಿರಿಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಆ ಗೆರೆಯಂತೆ ಅನಂತಪುರವು ಈಚೆಗೆ ಬರುತ್ತಿತ್ತು. ವರದಿಯು ಜಾರಿಗೆ ಬರಲಿಲ್ಲ. 1984ನೆಯ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಗ್ರಾಮವು ಇದ್ದಲ್ಲಿಯೇ ಇದ್ದಿತು. ಅದರ ಮೇಲಣ ಫಲಕಗಳು ಮಾತ್ರ ಬದಲಾದವು.

ಇಂದಿನ ಅನಂತಪುರ

ಹೊರಗಿನವರಿಗೆ ಈ ಊರನ್ನು ಪರಿಚಯಿಸಿದುದು ‘ಬಬಿಯ’ ಎಂಬ ಮೊಸಳೆ. ನೈವೇದ್ಯದ ಅನ್ನವನ್ನು ಉಂಡು ಯಾರಿಗೂ ಕೇಡು ಬಗೆಯದೆ ಬಾಳಿದ ಅದು 2022ನೆಯ ಅಕ್ಟೋಬರ್ 9ರಂದು ಸತ್ತಾಗ ಜನರು ಗುಂಪುಗೂಡಿ ಬಂದು ಕಣ್ಣೀರಿಟ್ಟರು. ಮರುವರ್ಷದ ನವೆಂಬರಿನಲ್ಲಿ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಇತ್ತ ಅನಂತಪುರದ ಗುಡ್ಡದ ಮೇಲೆ ಕೈಗಾರಿಕಾ ವಸಾಹತೊಂದು ಬೆಳೆದಿದೆ. ಪರರಾಜ್ಯಗಳ ಕೆಲಸಗಾರರು ಹೊಟ್ಟೆಪಾಡಿಗೆ ಅಲ್ಲಿಗೆ ಬರುತ್ತಾರೆ. ನಮ್ಮವರು ಊರು ಬಿಟ್ಟು ಹೊರಟಂತೆ, ತಮ್ಮ ಊರು ಬಿಟ್ಟ ಬೇರೆಯವರು ನಮ್ಮ ಊರಿಗೆ ಬಂದಿದ್ದಾರೆ. ಅವರನ್ನು ಕಂಡಾಗ ನಮ್ಮ ಮೊದಲ ದಿನಗಳು ನೆನಪಾದರೆ ಒಳ್ಳೆಯದು.

ನಮ್ಮ ಚಿಂತೆಯು ಬೇರೊಂದಿದೆ. ಕೊಚ್ಚಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಿರುವನಂತಪುರದ ಚರಿತ್ರೆಯನ್ನು ಶಾಲೆಯಲ್ಲಿ ಓದುತ್ತಾರೆ, ಅದು ತಕ್ಕುದೇ. ಆದರೆ ಮುರಕಲ್ಲು, ಸುರಂಗ, ಒರತೆ, ಸೀಮೆ ಎಂಬ ಮಾತುಗಳನ್ನು ಅವರಿಗೆ ಕಲಿಸುವ ಪುಸ್ತಕವು ಇಲ್ಲಿ ಇಲ್ಲ. ಮನೆಯಲ್ಲಿ ಹೇಳದಿದ್ದರೆ ಆ ಮಾತುಗಳು ನಮ್ಮ ತಲೆಮಾರಿನೊಡನೆ ನಿಲ್ಲುವುವು. ಮಾತು ಹೋದ ಮೇಲೆ ಗುಡ್ಡವು ಬರಿಯ ಕಲ್ಲು, ಕೆರೆಯು ಬರಿಯ ನೀರು. ಊರಿನ ಜಮೀನು ಕೈಬಿಟ್ಟರೆ ಮತ್ತೆ ಕೊಳ್ಳಬಹುದು. ಇದು ಹಾಗೆ ದೊರೆಯುವ ವಸ್ತುವಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ. ಮುಂದಿನ ರಜೆಯಲ್ಲಿ ಎರ್ನಾಕುಳದಿಂದ ರಾತ್ರಿ ಹೊರಟು ಬೆಳಗ್ಗೆ ಕಾಸರಗೋಡಿನಲ್ಲಿ ಇಳಿಯಿರಿ. ಅಲ್ಲಿಂದ ಅನಂತಪುರಕ್ಕೆ ಹೆಚ್ಚು ದೂರವಿಲ್ಲ. ಮಕ್ಕಳನ್ನು ಜೊತೆಗೆ ಕರೆದೊಯ್ದು, ದೇವರ ದರ್ಶನವಾದ ಮೇಲೆ ಸೇತುವೆಯ ಬಳಿ ನಿಂತು ನೀರು ಎಲ್ಲಿಂದ ಬರುತ್ತದೆಂಬುದನ್ನು ತೋರಿಸಿರಿ. ಅಲ್ಲಿಂದ ನಿಮ್ಮ ನಿಮ್ಮ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ, ಆ ಊರಿನ ಗುಡ್ಡಕ್ಕೂ ತೋಡಿಗೂ ಇರುವ ಹೆಸರುಗಳನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ.