ಪಟ್ಟಣಕ್ಕೆ ಗ್ರಾಮಸಭೆ ಇಲ್ಲ

ಬೆಳ್ಳಟ್ಟಿಯ ರೈತನಿಗೆ ಇರುವ ಒಂದು ಹಕ್ಕು ಶಿರಹಟ್ಟಿ ಪೇಟೆಯ ಅಂಗಡಿಕಾರನಿಗೆ ಇಲ್ಲ. ಇಬ್ಬರದೂ ಒಂದೇ ತಾಲ್ಲೂಕು, ಒಬ್ಬರೇ ಶಾಸಕರು, ಒಂದೇ ತಹಶೀಲ್ದಾರ್ ಕಚೇರಿ. ಆದರೆ ಬೆಳ್ಳಟ್ಟಿಯದು ಗ್ರಾಮ ಪಂಚಾಯಿತಿ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ಸೇರಲೇಬೇಕು ಎನ್ನುತ್ತದೆ 1993ರ ಪಂಚಾಯತ್ ರಾಜ್ ಕಾಯ್ದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಯಾರೇ ಆಗಲಿ, ಎದ್ದು ನಿಂತು ‘ನಮ್ಮ ಓಣಿ ಗಟಾರದ ರೊಕ್ಕ ಏನಾತ್ರೀ?’ ಎಂದು ಕೇಳಬಹುದು. ಪಿಡಿಒ ಅದಕ್ಕೆ ಉತ್ತರ ಕೊಡಬೇಕು.

ಶಿರಹಟ್ಟಿಯದು ಪಟ್ಟಣ ಪಂಚಾಯಿತಿ. ಹೆಸರಿನಲ್ಲಿ ಪಂಚಾಯಿತಿ ಎಂದಿದ್ದರೂ ಅದು ನಡೆಯುವುದು ಬೇರೆ ಕಾಯ್ದೆಯ ಮೇಲೆ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಮೇಲೆ. ಗ್ರಾಮಸಭೆಯಂತೆ ಊರವರೆಲ್ಲ ಕೂತು ಮಾತಾಡಿ ತೀರ್ಮಾನಿಸುವ ಸಭೆ ಅಲ್ಲಿಲ್ಲ. ಐದು ವರ್ಷಕ್ಕೊಮ್ಮೆ ನಿಮ್ಮ ವಾರ್ಡಿನ ಸದಸ್ಯರನ್ನು ಆರಿಸಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಹಳ್ಳಿ ಬೆಳೆದು ಪಟ್ಟಣವಾದ ದಿನ ಬೀದಿದೀಪ ಹೆಚ್ಚಾಗುತ್ತದೆ, ತೆರಿಗೆ ಹೆಚ್ಚಾಗುತ್ತದೆ, ಮಾತಾಡುವ ಹಕ್ಕು ಮಾತ್ರ ಕಡಿಮೆಯಾಗುತ್ತದೆ. ನಮ್ಮ ಸ್ಥಳೀಯ ಆಡಳಿತದ ಈ ವಿಚಿತ್ರವನ್ನು ಯಾರೂ ಅಷ್ಟಾಗಿ ಎತ್ತಿ ಆಡಿಲ್ಲ.

ಯಾವ ಊರಿಗೆ ಯಾವ ಸಂಸ್ಥೆ ಎಂಬುದಕ್ಕೆ ಮುಖ್ಯ ಅಳತೆ ಜನಸಂಖ್ಯೆ. ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ, ಮೂರು ಲಕ್ಷದ ಮೇಲೆ ಮಹಾನಗರ ಪಾಲಿಕೆ. ಗದಗ ಜಿಲ್ಲೆಯಲ್ಲಿ ಮೊದಲ ಮೂರೂ ಇವೆ. ಶಿರಹಟ್ಟಿ, ಮುಳಗುಂದ, ನರೇಗಲ್ ಪಟ್ಟಣ ಪಂಚಾಯಿತಿಗಳು. ಲಕ್ಷ್ಮೇಶ್ವರ, ಮುಂಡರಗಿ ಪುರಸಭೆಗಳು. ಗದಗ-ಬೆಟಗೇರಿಯದು 35 ವಾರ್ಡುಗಳ ನಗರಸಭೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ವಾರ್ಡ್ ಸಮಿತಿಯ ಮಾತೂ ಬಂತು. ಆದರೆ ಅದನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯದೇ 1.72 ಲಕ್ಷ. ಹೀಗಾಗಿ ಹಳ್ಳಿಗೆ ಗ್ರಾಮಸಭೆ ಸಿಕ್ಕಿತು, ಮಹಾನಗರಕ್ಕೆ ವಾರ್ಡ್ ಸಮಿತಿ ಸಿಕ್ಕಿತು, ನಡುವಿನ ಊರುಗಳು ನಡುವೆಯೇ ಉಳಿದವು.

ಈ ಭಾಗದಲ್ಲಿ ಮುನ್ಸಿಪಾಲ್ಟಿ ಹೊಸದೇನಲ್ಲ. 1850ರ ಕಾಯ್ದೆಯಡಿ ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನ್ಸಿಪಾಲ್ಟಿ ಬಂತು. ಶಿರಹಟ್ಟಿಯ ದಾರಿ ಬೇರೆ. 1948ರವರೆಗೆ ಅದು ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಒಂದು ಹರದಾರಿ ಆಚೆಗೆ ಹೋದರೆ ಇಂಗ್ಲಿಷರ ಕಾನೂನು, ಈಚೆಗೆ ಬಂದರೆ ಸಂಸ್ಥಾನಿಕರ ಅಪ್ಪಣೆ. ಆಡಳಿತದ ಭಾಷೆಯಲ್ಲಿ ಇಂದಿಗೂ ಉಳಿದಿರುವ ಠರಾವು, ಉತಾರ, ಆವಕ-ಜಾವಕಗಳೆಲ್ಲ ಆ ಮರಾಠಿ ದಫ್ತರದ ಬಳುವಳಿ.

ಈಗ ಸಭೆಯ ಒಳಗೆ ಹೋಗೋಣ. ಹೋಗಬಹುದು, ಯಾರೂ ತಡೆಯುವಂತಿಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳ ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಯಾವುದಾದರೂ ವಿಷಯವನ್ನು ಗುಟ್ಟಾಗಿ ಚರ್ಚಿಸಬೇಕು ಎಂದು ಅಧ್ಯಕ್ಷರಿಗೆ ಅನ್ನಿಸಿದರೆ ಮಾತ್ರ ಬಾಗಿಲು ಹಾಕಬಹುದು. ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ಸೇರಬೇಕು. ಇಷ್ಟು ಗೊತ್ತಿರುವ ಊರವರು ಕಡಿಮೆ. ಗೊತ್ತಿದ್ದೂ ಹೋಗಿ ಕೂತವರು ಇನ್ನೂ ಕಡಿಮೆ; ಹೆಚ್ಚೆಂದರೆ ಪತ್ರಿಕೆಯ ವರದಿಗಾರರು.

ಒಳಗೆ ಕಾಣುವುದು ಏನು? ಒಂದು ಉದ್ದನೆಯ ಮೇಜು, ಮೇಲ್ಗಡೆ ಅಧ್ಯಕ್ಷರು, ಪಕ್ಕದಲ್ಲಿ ಮುಖ್ಯಾಧಿಕಾರಿ, ಎರಡೂ ಕಡೆ ಸದಸ್ಯರು. ಕೋರಂ ಆಯಿತೋ ಇಲ್ಲವೋ ಎಂದು ಮೊದಲು ಹಾಜರಿ ಪುಸ್ತಕದಲ್ಲಿ ಸಹಿ ಎಣಿಸುತ್ತಾರೆ. ಬಳಿಕ ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು, ಹೋದ ತಿಂಗಳ ಜಮಾ-ಖರ್ಚು, ಟೆಂಡರುಗಳ ದರ, ಮಳಿಗೆಗಳ ಹರಾಜು, ಬೋರ್‌ವೆಲ್ ದುರಸ್ತಿ. ಕೊನೆಯ ಕಲಮು ಯಾವಾಗಲೂ ಒಂದೇ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ನಿಜವಾದ ಜಗಳ ಹುಟ್ಟುವುದು ಜಮಾ-ಖರ್ಚಿನಲ್ಲಿ ಇಲ್ಲವೇ ಈ ಕೊನೆಯ ಕಲಮಿನಲ್ಲಿ. ನಡುವಿನದನ್ನೆಲ್ಲ ‘ಒಪ್ಪಿಗೆ, ಒಪ್ಪಿಗೆ’ ಎಂದು ದಾಟಿಸುತ್ತಾರೆ. ಆದ್ದರಿಂದ ನಡವಳಿ ಓದುವವರು ಆ ನಡುವಿನ ಭಾಗವನ್ನೇ ನಿಧಾನವಾಗಿ ಓದಬೇಕು ಎಂಬುದು ನನ್ನ ಸಲಹೆ.

ಮೇಜಿನ ಸುತ್ತ ಕೂತ ಎಲ್ಲರಿಗೂ ಒಂದೇ ತೂಕವಿಲ್ಲ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು, ಸಂಸದರಿಗೆ ಮತವಿದೆ. ಅಧ್ಯಕ್ಷರ ಆಯ್ಕೆಯ ದಿನ ಅದರ ಬೆಲೆ ತಿಳಿಯುತ್ತದೆ. ಅಧ್ಯಕ್ಷರ ಅವಧಿ 30 ತಿಂಗಳು, ಸ್ಥಾನ ಮೀಸಲಾತಿಯ ಸರದಿಯ ಮೇಲೆ. ಈ ಸರದಿಯೇ ದೊಡ್ಡ ತಕರಾರು. 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ ಬಹುಪಾಲು ಕಡೆ ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಸನ್ಮಾನದ ಶಾಲು ಹೊದ್ದು ಮನೆಯಲ್ಲಿ ಕೂತರು, ಸರ್ಕಾರಿ ಅಧಿಕಾರಿಯೊಬ್ಬರು ಆಡಳಿತಾಧಿಕಾರಿಯಾಗಿ ಸಹಿ ಹಾಕಿದರು. ನಳಕ್ಕೆ ನೀರು ಬರಲಿಲ್ಲ ಎಂದು ಕೇಳಿದರೆ ‘ನಮ್ಮ ಕೈಯಾಗ ಏನೂ ಇಲ್ರಿ’ ಎಂಬ ಸದಸ್ಯರ ಉತ್ತರ ಆಗ ಸುಳ್ಳಾಗಿರಲಿಲ್ಲ.

ಊರವರು ಬಾಯಿ ಬಿಡಬಹುದಾದ ಒಂದೇ ಒಂದು ಸಂದರ್ಭ ಈ ವ್ಯವಸ್ಥೆಯಲ್ಲಿದೆ. ಆಯವ್ಯಯ ಮಂಡಿಸುವ ಮುಂಚೆ ನಡೆಯುವ ಪೂರ್ವಭಾವಿ ಸಭೆ. ಸಂಘ-ಸಂಸ್ಥೆಗಳನ್ನೂ ನಾಗರಿಕರನ್ನೂ ಕರೆದು ಸಲಹೆ ಕೇಳುವ ಪದ್ಧತಿಯಿದು. ಬರುವವರು ಹೆಚ್ಚಾಗಿ ನಿವೃತ್ತ ನೌಕರರು, ವ್ಯಾಪಾರಸ್ಥರು. ಹೆಣ್ಣುಮಕ್ಕಳು ಬರುವುದು ಅಪರೂಪ. ಸದಸ್ಯ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲಾಗಿರುವ ರಾಜ್ಯದಲ್ಲಿ, ಸಲಹೆ ಕೇಳುವ ಸಭೆಯಲ್ಲಿ ಮಹಿಳೆಯರೇ ವಿರಳ.

ಹಾಗಾದರೆ ಶಿರಹಟ್ಟಿಯಂಥ ಊರಿನಲ್ಲಿ ಸಾಮಾನ್ಯ ಹೆಣ್ಣುಮಗಳೊಬ್ಬಳಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟ ಸಭೆ ಯಾವುದಾದರೂ ಇದೆಯೇ? ಇದೆ, ಪಟ್ಟಣ ಪಂಚಾಯಿತಿ ಕಚೇರಿಯಲ್ಲಲ್ಲ, ಸರ್ಕಾರಿ ಕನ್ನಡ ಶಾಲೆಯಲ್ಲಿ.

ಎಸ್‌ಡಿಎಂಸಿ ಎಂಬ ಅಕ್ಷರಗಳು ಎಲ್ಲರಿಗೂ ಪರಿಚಿತ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಸರ್ಕಾರ ಈ ಸಮಿತಿಗಳನ್ನು ರಚಿಸಿತು. ಅದಕ್ಕೂ ಮುಂಚೆ ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರ ಹಿರಿಯರೇ ಇರುತ್ತಿದ್ದರು. ಅವರ ಮಕ್ಕಳು ಆ ಶಾಲೆಗೆ ಬರುತ್ತಿದ್ದರೋ ಇಲ್ಲವೋ ಬೇರೆ ಮಾತು. ಹೊಸ ಸಮಿತಿ ಆ ಶಾಲೆಯಲ್ಲೇ ಓದುವ ಮಕ್ಕಳ ಪೋಷಕರದು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ದೇಶದ ಕಾನೂನಿನ ಬಲ ಕೊಟ್ಟಿತು: ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಮಹಿಳೆಯರಿರಬೇಕು, ಹಿಂದುಳಿದ ಸಮುದಾಯಗಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲಿರಬೇಕು. ಶಾಲೆಗೆ ಏನು ಬೇಕೆಂಬ ಅಭಿವೃದ್ಧಿ ಯೋಜನೆಯನ್ನು ಬರೆಯುವುದೂ ಈ ಸಮಿತಿಯ ಕೆಲಸ. ಮುಖ್ಯ ಶಿಕ್ಷಕರು ಕಾರ್ಯದರ್ಶಿ, ಅಧ್ಯಕ್ಷತೆ ಪೋಷಕರದು.

ಕಾಗದದಲ್ಲಿ ಇರುವುದು ಇಷ್ಟು. ಅಂಗಳದಲ್ಲಿ ಆಯ್ಕೆ ನಡೆಯುವ ಬಗೆ ಬೇರೆ. ಚೀಟಿ ಹಾಕಿ ಮತದಾನ ಮಾಡುವ ಶಾಲೆಗಳು ವಿರಳ. ‘ಇವರ ಆಗಲಿ ಬಿಡ್ರಿ’ ಎಂದು ಯಾರೋ ಒಂದು ಹೆಸರು ಹೇಳುತ್ತಾರೆ, ಉಳಿದವರು ಕೈ ಎತ್ತುತ್ತಾರೆ, ಹೆಸರು ಹೇಳಿದವರ ಹಿಂದೆ ಯಾವ ಪಕ್ಷ ಎಂಬುದು ಎಲ್ಲರಿಗೂ ಗೊತ್ತು. ಸಮಿತಿಯಲ್ಲಿರುವ ತಾಯಿ ಕೂಲಿ ಬಿಟ್ಟು ಬಂದಿರುತ್ತಾಳೆ, ಸಭೆ ಎಳೆದರೆ ಅರ್ಧ ದಿನದ ಪಗಾರ ಹೋಯಿತು. ಸಭೆ ನಡೆಯದೆ ಮನೆಗೇ ಪುಸ್ತಕ ಹೋಗಿ ಸಹಿಯಾಗುವುದೂ ಉಂಟು. ಇವನ್ನೆಲ್ಲ ಬಲ್ಲವರು ಎಸ್‌ಡಿಎಂಸಿ ಎಂದರೆ ಮೂಗು ಮುರಿಯುತ್ತಾರೆ. ನಾನು ಮುರಿಯುವವನಲ್ಲ. ಏಕೆಂದರೆ ಸಭೆ ಸರಿಯಾಗಿ ನಡೆದ ಕಡೆ ಅಲ್ಲಿ ಕೇಳಿಬರುವ ಪ್ರಶ್ನೆಗಳು ಬೇರೆ ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ.

ಇಂಥ ಸಭೆ ಹೇಗಿರುತ್ತದೆ? ಏಳನೆಯ ಇಯತ್ತೆಯ ಕೋಣೆ. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮಡಿಚಿಕೊಂಡು ಕೂತಿರುತ್ತಾರೆ, ತಾಯಂದಿರು ಬಾಗಿಲ ಬದಿಯಲ್ಲಿ ಜಮಖಾನೆಯ ಮೇಲೆ. ಮುಖ್ಯ ಶಿಕ್ಷಕಿ ಅನುದಾನದ ಲೆಕ್ಕ ಓದುತ್ತಾರೆ: ಸುಣ್ಣ-ಬಣ್ಣ, ಸೀಮೆಸುಣ್ಣ, ಶೌಚಾಲಯ ದುರಸ್ತಿ. ಓದು ಮುಗಿಯುವ ಹೊತ್ತಿಗೆ ಬಾಗಿಲ ಬದಿಯಿಂದ ಒಂದು ದನಿ: ‘ಅಕ್ಕೋರ, ಸಂಡಾಸ ರಿಪೇರಿ ಮಾಡಿಸೀರಿ, ಛಲೋ ಆತು. ನೀರ ಎಲ್ಲೈತ್ರಿ? ನಮ್ಮ ಹುಡುಗಿ ಮುಂಜಾನೆಯಿಂದ ನೀರ ಕುಡಿಯಂಗಿಲ್ಲ, ಹೋಗೋದು ಬರತೈತಿ ಅಂತ.’ ಕೋಣೆ ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಮಾತನ್ನು ಆಡಬಲ್ಲವಳು ಹೆಣ್ಣುಮಗಳ ತಾಯಿ ಮಾತ್ರ. ಎಂಜಿನಿಯರ ಅಂದಾಜು ಪತ್ರಿಕೆಯಲ್ಲಿ ಅದಕ್ಕೆ ಕಲಮಿಲ್ಲ.

ಅಕ್ಕೋರ ಬಳಿ ಇದಕ್ಕೆ ಉತ್ತರವಿಲ್ಲ. ಶಾಲೆ ಶಿಕ್ಷಣ ಇಲಾಖೆಯದು, ನಳದ ನೀರು ಪಟ್ಟಣ ಪಂಚಾಯಿತಿಯದು. ಇಲ್ಲಿಯೂ ಹಳ್ಳಿಗೂ ಪಟ್ಟಣಕ್ಕೂ ಸಂವಿಧಾನವೇ ಬೇರೆ ಬೇರೆ ಲೆಕ್ಕ ಇಟ್ಟಿದೆ. ಪಂಚಾಯಿತಿಗಳ ಕೆಲಸಗಳನ್ನು ಪಟ್ಟಿ ಮಾಡುವ 11ನೇ ಅನುಸೂಚಿಯ 29 ವಿಷಯಗಳಲ್ಲಿ ‘ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೂ ಸೇರಿದಂತೆ ಶಿಕ್ಷಣ’ ಎಂದು ಬಿಡಿಸಿ ಹೇಳಿದೆ. ನಗರಗಳ 12ನೇ ಅನುಸೂಚಿಯ 18 ವಿಷಯಗಳಲ್ಲಿ ಶಾಲೆ ಎಂಬ ಮಾತಿಲ್ಲ. ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯದ ಸಂಗತಿಗಳಿಗೆ ಉತ್ತೇಜನ ಎಂಬ ತೇಲುವ ವಾಕ್ಯ ಮಾತ್ರ. ಮೊದಲು ಹೀಗಿರಲಿಲ್ಲ. ವಿಠ್ಠಲಭಾಯಿ ಪಟೇಲರು ಮುಂಬಯಿ ಪ್ರಾಂತದಲ್ಲಿ ತಂದ 1918ರ ಕಾಯ್ದೆ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಮುನ್ಸಿಪಾಲ್ಟಿಗಳಿಗೇ ಕೊಟ್ಟಿತ್ತು. ಶಾಲೆ ನಡೆಸುವ ಹೊಣೆ ಆಮೇಲೆ ಹಂತಹಂತವಾಗಿ ಸರ್ಕಾರದ ಕೈಗೆ ಹೋಯಿತು. ಈಗ ಪಟ್ಟಣ ಪಂಚಾಯಿತಿ ಸದಸ್ಯರು ಶಾಲೆಗೆ ಬರುವುದು ಹೆಚ್ಚಾಗಿ ಅತಿಥಿಗಳಾಗಿ.

ಅತಿಥಿಗಳ ಮಾತು ಬಂತು, ಶಾಲೆಯ ಕಾರ್ಯಕ್ರಮಗಳ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಆಮಂತ್ರಣ ಪತ್ರಿಕೆಯಲ್ಲಿ ಶಿಷ್ಟಾಚಾರದ ಪ್ರಕಾರ ಯಾರ ಹೆಸರು ಯಾರ ಮೇಲೆ ಎಂಬುದಕ್ಕೆ ಮುಖ್ಯ ಶಿಕ್ಷಕರು ಕಳೆಯುವ ಹೊತ್ತು ಒಂದು ಪಾಠಕ್ಕೆ ಸಾಕು. ಹೆಸರು ಬಿಟ್ಟುಹೋದರೆ ಬಿಇಒ ಕಚೇರಿಯವರೆಗೆ ದೂರು ಹೋಗುತ್ತದೆ. ವೇದಿಕೆ ಇಲ್ಲದ ಕಾರ್ಯಕ್ರಮಗಳೇ ಮೇಲು. ಮಕ್ಕಳ ಸಂತೆಯ ದಿನ ಶಾಲೆಯ ಅಂಗಳದಲ್ಲಿ ಗೋಣಿತಟ್ಟು ಹಾಸಿ ಮೆಂತ್ಯೆ ಪಲ್ಯೆ, ಬದನೆಕಾಯಿ, ಚುರುಮರಿ ಇಟ್ಟುಕೊಂಡು ಹುಡುಗರು ಕೂಗುತ್ತಾರೆ. ಐದು ರೂಪಾಯಿಯ ಸಿವುಡಿಗೆ ನಾಲ್ಕು ಕೊಡುವೆನೆನ್ನುವ ಅವ್ವನ ಹತ್ತಿರ ಮಗಳೇ ಚೌಕಾಶಿಗೆ ಒಪ್ಪುವುದಿಲ್ಲ. ‘ಸಮುದಾಯದತ್ತ ಶಾಲೆ’ಯ ದಿನ ಪೋಷಕರ ಮುಂದೆ ಮಗುವಿನ ಕಲಿಕೆಯನ್ನೇ ಹರವಿ ಇಡುತ್ತಾರೆ. ಓದಲು ಬಾರದ ತಂದೆ ಮಗನ ಪಟ್ಟಿಯ ಹಾಳೆ ತಿರುವಿ ಕೆಂಪು ಗೆರೆ ಎಷ್ಟು ಎಂದು ನೋಡುತ್ತಾನೆ. ಇನ್ನು ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ಏರುವ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಛದ್ಮವೇಷದ ಜೊತೆ ಕವ್ವಾಲಿಯೂ ಒಂದು ಸ್ಪರ್ಧೆ. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಊರಿನಲ್ಲಿ ಅದನ್ನು ಯಾವ ಓಣಿಯ ಹುಡುಗರು ಹಾಡಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಂಥ ಕಾರ್ಯಕ್ರಮಗಳಿಗೆ ಬರುವಷ್ಟು ಜನ ಪಟ್ಟಣ ಪಂಚಾಯಿತಿಯ ಯಾವ ಸಭೆಗೂ ಬರುವುದಿಲ್ಲ.

ಪಟ್ಟಣದವರೆಲ್ಲ ಒಂದೆಡೆ ಸೇರಿ ಮಾತಾಡುವುದು ಆಗದ ಮಾತು, ಜನ ಹೆಚ್ಚು ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆ ಒಂದು ಲಕ್ಷದೊಳಗಿನ ಜನಸಂಖ್ಯೆಯ ನಗರಸಭೆಗಳಲ್ಲಿ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಇರಬೇಕೆನ್ನುತ್ತದೆ. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಅಂದರೆ ಕಾಸರಗೋಡು ಪೇಟೆಯ ಕನ್ನಡಿಗನಿಗೆ ಕೇರಳದ ಕಾನೂನು ಕೊಟ್ಟ ಮಾತಿನ ಹಕ್ಕನ್ನು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕನ್ನಡಿಗರಿಗೆ ಕರ್ನಾಟಕದ ಕಾನೂನು ಕೊಟ್ಟಿಲ್ಲ. ಅಲ್ಲಿಯೂ ಫಲಾನುಭವಿಗಳ ಪಟ್ಟಿಯ ದಿನ ಬಿಟ್ಟರೆ ಉಳಿದ ದಿನ ಜನ ಕಡಿಮೆ ಎಂಬ ದೂರಿದೆ, ಇರಲಿ. ಬಾಗಿಲು ಇದ್ದೂ ಬಾರದಿರುವುದು ಬೇರೆ, ಬಾಗಿಲೇ ಇಲ್ಲದಿರುವುದು ಬೇರೆ.

ಕಾಯ್ದೆ ಬದಲಾಗುವವರೆಗೆ ಆ ತಾಯಿಯ ಪ್ರಶ್ನೆ ಏನಾಗಬೇಕು? ಅದನ್ನು ಶಾಲೆಯ ಕೋಣೆಯಿಂದ ಪಟ್ಟಣ ಪಂಚಾಯಿತಿಯ ಮೇಜಿಗೆ ಮುಟ್ಟಿಸುವ ದಾರಿಯೊಂದಿದೆ. ಮೊದಲು ಎಸ್‌ಡಿಎಂಸಿ ನಡವಳಿಯಲ್ಲಿ ಆಕೆಯ ಮಾತು ಠರಾವಾಗಬೇಕು. ‘ನೀರಿನ ತೊಂದರೆ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಕೆಲಸವಾಗದು; ಹೆಣ್ಣುಮಕ್ಕಳ ಶೌಚಾಲಯಕ್ಕೆ ನಳದ ಸಂಪರ್ಕ, ತೊಟ್ಟಿ, ನೀರು ಬಿಡುವ ದಿನ ಎಂದು ಬಿಡಿಸಿ ಬರೆಯಬೇಕು. ಗಂಡು-ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇವೆ ಎಂಬ ಒಂದು ಸಾಲನ್ನು ಸೇರಿಸಿದರೆ ಅರ್ಜಿ ಹಕ್ಕಿನ ಮಾತಾಗುತ್ತದೆ. ಠರಾವಿನ ಒಂದು ಪ್ರತಿ ಬಿಇಒ ಅವರಿಗೆ, ಒಂದು ಮುಖ್ಯಾಧಿಕಾರಿಗೆ, ಒಂದು ಆ ವಾರ್ಡಿನ ಸದಸ್ಯರಿಗೆ. ಸದಸ್ಯರಿಗೆ ಕೊಡುವ ಪ್ರತಿಯೇ ಮುಖ್ಯ, ಏಕೆಂದರೆ ಸಾಮಾನ್ಯ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಿ ಎಂದು ಕೇಳಬಲ್ಲವರು ಅವರು. ಸಭೆಯ ದಿನ ಪೋಷಕರಲ್ಲಿ ನಾಲ್ಕು ಜನ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಮಾತಾಡುವ ಹಕ್ಕಿಲ್ಲದಿದ್ದರೂ ನಡೆಯುತ್ತದೆ. ಕೇಳಿಸಿಕೊಳ್ಳುವವರು ಇದ್ದಾರೆಂದರೆ ‘ಒಪ್ಪಿಗೆ, ಒಪ್ಪಿಗೆ’ ತುಸು ನಿಧಾನವಾಗುತ್ತದೆ. ಏನಾಯಿತೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆ ಸಭೆಯ ನಡವಳಿಯ ಪ್ರತಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಮೂವತ್ತು ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ; ಶಾಲೆಯ ನೀರಿನ ಜೊತೆಗೆ ಓಣಿಯ ದೀಪವನ್ನೂ ಕೇಳಹೋದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಠರಾವಾಗಲಿ ಅರ್ಜಿಯಾಗಲಿ, ಪಟ್ಟಣ ಪಂಚಾಯಿತಿ ಕಚೇರಿಗೆ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಶಿಕ್ಕಾ ಹಾಕಿಸಿ, ಆವಕ ನಂಬರು ಮತ್ತು ತಾರೀಖು ಬರೆಸಿಕೊಂಡೇ ಹೊರಗೆ ಬನ್ನಿ.