ತಂಡಕ್ಕೆ ಯಾರು ಬೇಕು: ಶಕ್ತಿವಂತನೋ, ಯುಕ್ತಿವಂತನೋ?



ವರ್ಷಾ ಆಟೋಟದ ಸ್ಪರ್ಧೆ ಹತ್ತಿರ ಬಂತೆಂದರೆ ನಮ್ಮಲ್ಲಿ ಒಂದು ಜಗಳ ಇದ್ದದ್ದೇ. ಖೋ-ಖೋ ತಂಡಕ್ಕೆ ಯಾರು? "ಅಂವ ಗಾಳಿ ಹಾಂಗ ಓಡತಾನ, ಅವನ್ನ ತಗೋರಿ" ಅಂತ ಕೆಲವರು. "ಓಡಿದ್ರ ಏನಾತು, ಆಟ ಬರಬೇಕಲ್ಲ?" ಅಂತ ಉಳಿದವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಯ ಶಾಲೆಯಾದರೂ ಇದೇ ಮಾತು. ಇದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಬರೆದಿದ್ದೇನೆ.

ಖೋ-ಖೋದಲ್ಲಿ ಬೆನ್ನಟ್ಟುವ ತಂಡದ 8 ಮಂದಿ ಸಾಲಾಗಿ ಕೂಡುತ್ತಾರೆ, 9ನೆಯವನು ಓಡುತ್ತಾನೆ. ಅವನು ನಡುವಿನ ಸಾಲು ದಾಟುವಂತಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಹಿಂದೆ ತಿರುಗುವಂತಿಲ್ಲ. ತಪ್ಪಿಸಿಕೊಳ್ಳುವವನಿಗೆ ಈ ಕಟ್ಟು ಇಲ್ಲ. ಆದ್ದರಿಂದ ಬರೀ ಜೋರಾಗಿ ಓಡುವವನು ಮುಂದ ಹೋಗಿಬಿಡತಾನ, ಎದುರಾಳಿ ಹಿಂದಿನಿಂದ ನುಸುಳತಾನ. ಯಾರ ಬೆನ್ನು ಮುಟ್ಟಿ ಯಾವಾಗ "ಖೋ" ಕೊಡಬೇಕು ಅನ್ನುವುದು ಕಾಲಿನ ಕೆಲಸವಲ್ಲ, ಕಣ್ಣಿನ ಕೆಲಸ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳಾ ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಇದ್ದ ಗುಂಪು 5 ನಿಮಿಷಕ್ಕೂ ಹೆಚ್ಚು ಹೊತ್ತು ಔಟಾಗದೆ ಆಡಿತು. ಅಷ್ಟು ಹೊತ್ತು ತಪ್ಪಿಸಿಕೊಳ್ಳಲು ದಮ್ಮೂ ಬೇಕು, ಹುಲಕೊಡುವ ಜಾಣತನವೂ ಬೇಕು.

ಕುಸ್ತಿಯಲ್ಲೂ ಹೀಗೇ. ನಿಪ್ಪಾಣಿಗೆ ಸಮೀಪದ ಕೊಲ್ಲಾಪುರದಲ್ಲಿ ಓದಿದ ಖಾಶಾಬಾ ಜಾಧವ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಮೇಲಿನ ಕುಸ್ತಿ ಅವರಿಗೆ ಹೊಸದು. ಬಂದದ್ದು 6ನೆಯ ಸ್ಥಾನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಮಣ್ಣಿನಲ್ಲಿ ಬೆಳೆದ ಮೈ ಮೊದಲೇ ಇತ್ತು. ಅದಕ್ಕೆ ಕಲಿಕೆ ಕೂಡಿತು.

"ಎತ್ತರ ಬೇಕಾದ ಆಟದಾಗ ಏನ್ ಮಾಡತೀ?" ಅಂತ ಕೇಳಬಹುದು. ಬಾಸ್ಕೆಟ್‌ಬಾಲ್ ನೋಡಿರಿ, ಅದರ ಬುಟ್ಟಿ ಇರುವುದೇ 10 ಅಡಿ ಮೇಲೆ. ಪಂಜಾಬಿನ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 7 ಅಡಿ 2 ಅಂಗುಲ ಎತ್ತರ. 2015ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಗೆ ಆಯ್ಕೆಯಾದರು. ಆದರೆ ಅದರ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ಅದೇ ಲೀಗಿನಲ್ಲಿ 5 ಅಡಿ 3 ಅಂಗುಲದ ಮಗ್ಸಿ ಬೋಗ್ಸ್ 14 ಋತು ಆಡಿದರು. ಎತ್ತರ ಬಾಗಿಲು ತೆರೆಯುತ್ತದೆ, ಒಳಗೆ ಉಳಿಯಲು ಬೇರೆಯದೂ ಬೇಕು.

ನಮ್ಮ ವಯಸ್ಸಿನವರಿಗೆ ಇನ್ನೊಂದು ವಿಷಯವಿದೆ. ಒಬ್ಬ ಹುಡುಗ 12ಕ್ಕೇ ಸರ್ರನೆ ಬೆಳೀತಾನ, ಇನ್ನೊಬ್ಬ 15ಕ್ಕೆ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಮೊದಲೇ ಬೆಳೆಯುತ್ತಾರೆ. ಇಂದು ಗಟ್ಟಿ ಕಾಣುವವನು ಬರೀ ಮೊದಲು ಬೆಳೆದವನಿರಬಹುದು. ಸಣ್ಣ ಮೈಯವನನ್ನು ಇಂದು ಬಿಟ್ಟರೆ ಅವನು ಬೆಳೆಯುವ ಹೊತ್ತಿಗೆ ಅಂಗಳ ಬಿಟ್ಟಿರತಾನ. ಇದು ಬರೀ ಕಪ್ಪಿನ ಮಾತಲ್ಲ. ತಾಲೂಕು, ಜಿಲ್ಲೆ ದಾಟಿ ಆಡಿದವರಿಗೆ ಸರಕಾರದ ಕ್ರೀಡಾ ವಸತಿ ನಿಲಯದ ದಾರಿ ಕಾಣುತ್ತದೆ. ಅಲ್ಲಿ ಊಟ, ವಸತಿ, ತರಬೇತಿ ಸಿಗುತ್ತದೆ. ಕಬ್ಬು ಕಡಿಯುವವರ ಮನೆಯ ಮಕ್ಕಳಿಗೆ ಅದು ಸಣ್ಣ ಮಾತೇ?

ಅದಕ್ಕೆ ನನ್ನ ವಿಚಾರ ಹೀಗಿದೆ:

1. ಒಂದೇ ದಿನ ಓಡಿಸಿ ತಂಡ ಆರಿಸಬಾರದು, ಒಂದು ವಾರ ಆಡಿಸಬೇಕು.
2. ಮೊದಲ ದಿನ ಒಂದು ಹೊಸ ಪಟ್ಟು ಹೇಳಿಕೊಟ್ಟು, ವಾರದ ಕೊನೆಗೆ ಯಾರು ಎಷ್ಟು ಕಲಿತರು ನೋಡಬೇಕು.
3. ಓಟ ಇದ್ದು ಆಟ ಬರದವರಿಗೆ, ಆಟ ಇದ್ದು ದಮ್ಮು ಸಾಲದವರಿಗೆ ತಂಡದಲ್ಲಿ ಒಂದೆರಡು ಜಾಗ ಇಡಬೇಕು.

ಶಕ್ತಿಗಿಂತ ಯುಕ್ತಿ ಮೇಲು ಅಂತ ಹಿರಿಯರು ಹೇಳತಾರ. ನನಗನಿಸುವುದು, ಎರಡಕ್ಕಿಂತ ಕಲಿಯುವ ಮನಸ್ಸು ಮೇಲು. ಯಾಕಂದರ ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು ಅದೇ. ಗುರುಗಳು ಈ ವರ್ಷ ಹೀಗೊಮ್ಮೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

9ನೆಯ ತರಗತಿಯ ವಿದ್ಯಾರ್ಥಿ