ವಾಘೋಲಿಯ ನೀಲಿ ಹರಳು, ಇಲ್ಲದ ಗೆರೆಯ ಸಾಕ್ಷಿ

ಪುಣೆಯಿಂದ ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ದಾರಿ ಹಿಡಿದರೆ ಊರು ದಾಟುವಷ್ಟರಲ್ಲಿ ವಾಘೋಲಿ ಸಿಗುತ್ತದೆ. ಜಲ್ಲಿ ಕ್ವಾರಿಗಳ ಈ ಊರಿನ ಹೆಸರು ಜಗತ್ತಿನ ಹೆಸರಾಂತ ಖನಿಜ ಸಂಗ್ರಹಾಲಯಗಳ ಚೀಟಿಗಳ ಮೇಲಿದೆ. 1980ರ ದಶಕದ ಕೊನೆಯ ಹೊತ್ತಿಗೆ ಇಲ್ಲಿನ ಕರಿಗಲ್ಲಿನ ಪೊಟರೆಗಳಲ್ಲಿ, ಬಿಳಿಯ ಸ್ಟಿಲ್ಬೈಟ್ ಹರಳುಗಳ ಮೇಲೆ ಕಡುನೀಲಿಯ ಪುಟ್ಟ ಉಂಡೆಗಳು ಕಾಣಿಸಿಕೊಂಡವು. ಅದು ಕ್ಯಾವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್, ಆಮ್ಲಜನಕ ಮತ್ತು ಒಂದಿಷ್ಟು ನೀರು ಸೇರಿ ಆದ ಈ ಖನಿಜದ ಅತ್ಯುತ್ತಮ ಮಾದರಿಗಳು ಬರುವುದು ವಾಘೋಲಿಯಿಂದಲೇ.

ಕಲ್ಲಿನ ಹುಟ್ಟು ಕನ್ನಡಿಗರಿಗೆ ಅಪರಿಚಿತವಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ದಖ್ಖನ್ ಲಾವಾವೇ ಪುಣೆಯ ನೆಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಕಪ್ಪು ಬಸಾಲ್ಟ್ ಕೂಡ ಅದೇ. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಟರೆಗಳಾದವು. ಖನಿಜ ಕರಗಿದ ಬಿಸಿನೀರು ಅವುಗಳೊಳಗೆ ಜಿನುಗಿ ಹರಳು ಕಟ್ಟಿತು.

ವಾಘೋಲಿಯ ಕ್ವಾರಿಗಳಲ್ಲಿ ಇನ್ನೊಂದು ನೀಲಿ ಹರಳೂ ಸಿಗುತ್ತದೆ, ಬಲು ಅಪರೂಪಕ್ಕೆ. ಅದರ ಹೆಸರು ಪೆಂಟಾಗೊನೈಟ್. ಅದೇ ನೀಲಿ, ಅದೇ ಧಾತುಗಳು, ಅದೇ ಪ್ರಮಾಣ. ರಾಸಾಯನಿಕ ಪರೀಕ್ಷೆಗೆ ಕೊಟ್ಟರೆ ಎರಡಕ್ಕೂ ಒಂದೇ ಸೂತ್ರ ಬರುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಮೊದಲು ದೊರೆತ ಇವೆರಡನ್ನು 1973ರಲ್ಲಿ ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ ಬೇರೆ ಬೇರೆ ಖನಿಜಗಳೆಂದು ವಿವರಿಸಿದರು. ಹೊವರ್ಡ್ ಇವಾನ್ಸ್ ಇವುಗಳ ಅಣುರಚನೆಯನ್ನು ಬಿಡಿಸಿದ್ದು ಎಕ್ಸ್-ರೇ ವಿವರ್ತನೆಯಿಂದ. ಆ ಬಿಡಿಸುವಿಕೆಯಲ್ಲಿ ಎಕ್ಸ್-ರೇ ಚಿತ್ರದಲ್ಲಿ ಕಾಣಿಸಿಕೊಂಡ ಪ್ರತಿಫಲನದ ಚುಕ್ಕೆಗಳಷ್ಟೇ ಕಾಣಿಸದ ಚುಕ್ಕೆಗಳೂ ಮುಖ್ಯವಾಗುತ್ತವೆ.

ಹರಳಿನಲ್ಲಿ ಪರಮಾಣುಗಳು ಒಂದು ಪುಟ್ಟ ಪೆಟ್ಟಿಗೆಯ ವಿನ್ಯಾಸದಲ್ಲಿ ಕುಳಿತು, ಆ ಪೆಟ್ಟಿಗೆಯೇ ಮೂರೂ ದಿಕ್ಕಿಗೆ ಮತ್ತೆ ಮತ್ತೆ ಬರುತ್ತದೆ. ಈ ಜೋಡಣೆಯಲ್ಲಿ ಸಮಾನಾಂತರ ಪದರಗಳನ್ನು ಹಲವು ಕೋನಗಳಲ್ಲಿ ಗುರುತಿಸಬಹುದು. ಒಂದರ ಕೆಳಗೊಂದಿರುವ ಪದರಗಳಿಂದ ಮರಳಿದ ಎಕ್ಸ್-ರೇ ಅಲೆಗಳ ನಡುವಿನ ದಾರಿಯ ಅಂತರ ಸರಿಯಾಗಿ ಒಂದು ತರಂಗಾಂತರದಷ್ಟಾದರೆ ಅಲೆಗಳು ಒಂದಕ್ಕೊಂದು ಬಲ ಕೊಡುತ್ತವೆ, ಪ್ರತಿಫಲನ ಹೊಳೆಯುತ್ತದೆ. ಬ್ರ್ಯಾಗ್ ನಿಯಮ ಎಂದು ಕಾಲೇಜಿನಲ್ಲಿ ಕಲಿಸುವುದು ಇದನ್ನೇ. ಆದರೆ ಪ್ರತಿಫಲನ ಎಲ್ಲಿ ಬರಬಹುದು ಎಂಬುದನ್ನಷ್ಟೇ ಈ ನಿಯಮ ಹೇಳುತ್ತದೆ. ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಪೆಟ್ಟಿಗೆಯ ಒಳಗೆ ಯಾರು ಎಲ್ಲಿ ಕುಳಿತಿದ್ದಾರೆ ಎಂಬುದು.

ಅಡುಗೆಮನೆಯ ಉಪ್ಪನ್ನೇ ನೋಡಬಹುದು. ಅದರ ಪೆಟ್ಟಿಗೆ 5.64 ಆಂಗ್‌ಸ್ಟ್ರಾಮ್ ಬದಿಯ ಘನ. ಆ ಬದಿಯಷ್ಟೇ ಅಂತರದ ಪದರಗಳಿಂದ ಒಂದು ಪ್ರತಿಫಲನ ಬರಬೇಕಿತ್ತು, ಬರುವುದಿಲ್ಲ. ಎರಡು ಪದರಗಳ ನಟ್ಟನಡುವೆ ಅಂಥದ್ದೇ ಇನ್ನೊಂದು ಪದರವಿದೆ. ಅದರ ಅಲೆ ಅರ್ಧ ತರಂಗಾಂತರ ಹಿಂದೆ ಬೀಳುತ್ತದೆ, ಏರಿಗೆ ಇಳಿತ ಸೇರಿ ಎರಡೂ ಅಳಿಸಿಹೋಗುತ್ತವೆ. ತಾಮ್ರದಿಂದ ಹೊಮ್ಮಿಸಿದ ಎಕ್ಸ್-ರೇಯಲ್ಲಿ ಉಪ್ಪಿನ ಪುಡಿಯನ್ನಿಟ್ಟರೆ ಪ್ರತಿಫಲನಗಳು ಗೆರೆಗಳಾಗಿ ಕಾಣುತ್ತವೆ; ಮೊದಲು 27.4 ಡಿಗ್ರಿಯಲ್ಲಿ ಸಣ್ಣ ಗೆರೆ, ಆಮೇಲೆ 31.7ರಲ್ಲಿ ದೊಡ್ಡ ಗೆರೆ ಏಳುವುದು ಇದರಿಂದಲೇ.

ಆ ಮೊದಲ ಗೆರೆ ಯಾಕೆ ಸಣ್ಣದು? ಅಲ್ಲಿ ಸೋಡಿಯಂ ಪದರದ ಅಲೆಗೆ ಕ್ಲೋರಿನ್ ಪದರದ ಅಲೆ ಎದುರಾಗುತ್ತದೆ. ಎಕ್ಸ್-ರೇಯನ್ನು ಚದುರಿಸುವುದು ಎಲೆಕ್ಟ್ರಾನುಗಳು; ಸೋಡಿಯಂ ಅಯಾನಿನಲ್ಲಿ 10, ಕ್ಲೋರೈಡಿನಲ್ಲಿ 18. ಬಲ ಸಮವಿಲ್ಲದ್ದರಿಂದ ಕಳೆದು ಉಳಿದದ್ದು ಸಣ್ಣ ಗೆರೆಯಾಗಿ ಕಾಣುತ್ತದೆ. ಸೋಡಿಯಂ ತೆಗೆದು ಪೊಟ್ಯಾಸಿಯಂ ಇಟ್ಟರೆ ಎರಡೂ ಕಡೆ 18 ಎಲೆಕ್ಟ್ರಾನುಗಳು. ಗೆರೆ ಹೆಚ್ಚುಕಡಿಮೆ ಮಾಯ! 1913ರಲ್ಲಿ ಈ ಎರಡು ಲವಣಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿಯೇ ಲಾರೆನ್ಸ್ ಬ್ರ್ಯಾಗ್ ಉಪ್ಪಿನ ರಚನೆಯನ್ನು ಕಂಡುಕೊಂಡ. 1915ರಲ್ಲಿ ತಂದೆಯೊಡನೆ ನೊಬೆಲ್ ಹಂಚಿಕೊಂಡಾಗ ಅವನಿಗೆ 25 ವರ್ಷ.

ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಗೆರೆ ಅಳಿಯುವುದು ಎಲೆಕ್ಟ್ರಾನುಗಳ ಲೆಕ್ಕ ಅಕಸ್ಮಾತ್ ಹೊಂದಿಕೊಂಡದ್ದರಿಂದ. ಪದರಗಳ ನಡುವೆ ತದ್ರೂಪಿ ಕುಳಿತಿರುವಲ್ಲಿ ಹಾಗಲ್ಲ. ಅಲ್ಲಿ ಪರಮಾಣು ಯಾವುದೇ ಆಗಿರಲಿ, ಅಳಿಯುವುದು ಕಡ್ಡಾಯ. ವಾಘೋಲಿಯ ಜೋಡಿಯನ್ನು ಬೇರ್ಪಡಿಸುವುದು ಈ ಎರಡನೆಯ ಬಗೆ.

ಎರಡೂ ಖನಿಜಗಳ ಪೆಟ್ಟಿಗೆ ಆಯತಾಕಾರದ್ದು. ಕ್ಯಾವನ್ಸೈಟ್‌ನ ಬದಿಗಳು ಸುಮಾರು 9.8, 13.6 ಮತ್ತು 9.6 ಆಂಗ್‌ಸ್ಟ್ರಾಮ್, ಪೆಂಟಾಗೊನೈಟ್‌ನದು 10.3, 14.0 ಮತ್ತು 8.9. ಗಾತ್ರ ಹತ್ತಿರಹತ್ತಿರ ಒಂದೇ. ವ್ಯತ್ಯಾಸವಿರುವುದು ಸಿಲಿಕಾನ್-ಆಮ್ಲಜನಕದ ಹೆಣಿಗೆಯಲ್ಲಿ: ಕ್ಯಾವನ್ಸೈಟ್‌ನಲ್ಲಿ ನಾಲ್ಕರ ಮತ್ತು ಎಂಟರ ಬಳೆಗಳು, ಪೆಂಟಾಗೊನೈಟ್‌ನಲ್ಲಿ ಆರರ ಬಳೆಗಳು. ಹೆಣಿಗೆ ಬದಲಾದಾಗ ಪೆಟ್ಟಿಗೆಯ ಸಮಮಿತಿಯೂ ಬದಲಾಯಿತು. ಪೆಂಟಾಗೊನೈಟ್‌ನಲ್ಲಿ ಮೂಲೆಯಲ್ಲಿರುವ ಇಡೀ ವಿನ್ಯಾಸದ ತದ್ರೂಪಿ ಪೆಟ್ಟಿಗೆಯ ಒಂದು ಮುಖದ ಮಧ್ಯದಲ್ಲೂ ಇದೆ.

ಪ್ರತಿ ಪ್ರತಿಫಲನಕ್ಕೂ ಮೂರು ಅಂಕಿಗಳ ವಿಳಾಸವಿರುತ್ತದೆ. ಆ ಒಂದು ತದ್ರೂಪಿಯಿಂದಾಗಿ ಪೆಂಟಾಗೊನೈಟ್‌ನಲ್ಲಿ ಮೊದಲ ಎರಡು ಅಂಕಿಗಳ ಮೊತ್ತ ಬೆಸವಾಗಿರುವ ಯಾವ ಪ್ರತಿಫಲನವೂ ಬರುವಂತಿಲ್ಲ. ಅಂದರೆ ಅರ್ಧಕ್ಕರ್ಧ ಚುಕ್ಕೆಗಳು ಖೋತಾ. ಕ್ಯಾವನ್ಸೈಟ್‌ಗೆ ಅಂಥ ತದ್ರೂಪಿ ಇಲ್ಲ; ಅದರಲ್ಲಿ ವಿನ್ಯಾಸ ಕನ್ನಡಿಯಲ್ಲಿ ಮಗುಚಿ ಅರ್ಧ ಪೆಟ್ಟಿಗೆ ಸರಿಯುವ ಜಾರು ಸಮಮಿತಿ ಮಾತ್ರ ಇದೆ. ಅದು ಅಳಿಸುವುದು ಒಂದು ಅಂಕಿ ಸೊನ್ನೆಯಾಗಿರುವ ಕೆಲವು ಸಾಲುಗಳಲ್ಲಿ ಅಷ್ಟೇ. 101 ಎಂಬ ವಿಳಾಸವನ್ನೇ ತೆಗೆದುಕೊಳ್ಳಿ. ಕ್ಯಾವನ್ಸೈಟ್‌ನ ಪುಡಿಯಲ್ಲಿ ಅದು 12.9 ಡಿಗ್ರಿಯ ಹತ್ತಿರ ಎದ್ದು ಕಾಣುವ ಗೆರೆ. ಪೆಂಟಾಗೊನೈಟ್‌ನಲ್ಲಿ ಲೆಕ್ಕದ ಪ್ರಕಾರ 13.1ರ ಸುತ್ತ ಇರಬೇಕು; ಒಂದಕ್ಕೆ ಸೊನ್ನೆ ಸೇರಿದರೆ ಬೆಸ, ಹಾಗಾಗಿ ಅಲ್ಲಿ ಗೆರೆಯೇ ಇಲ್ಲ.

ಪೆಂಟಾಗೊನೈಟ್ ಇನ್ನೊಂದು ಆಟವನ್ನೂ ಆಡುತ್ತದೆ. ಅದರ ಸೂಜಿಗಳನ್ನು ಅಡ್ಡ ಕೊಯ್ದರೆ ಐದು ಮೂಲೆಯ ನಕ್ಷತ್ರ ಕಾಣಬಹುದು. ಐದು ಮಡಿ ಸಮಮಿತಿಯ ಪೆಟ್ಟಿಗೆಗಳನ್ನು ಸಂದಿಲ್ಲದೆ ಜೋಡಿಸಲು ಸಾಧ್ಯವಿಲ್ಲ, ಹಾಗಾಗಿ ಇದು ಒಂಟಿ ಹರಳಲ್ಲ. ಸುಮಾರು 72 ಡಿಗ್ರಿ ತಿರುಗಿ ಅಂಟಿಕೊಂಡ ಐದು ಅವಳಿ ಹರಳುಗಳ ಗೊಂಚಲು. ಇಡೀ ನಕ್ಷತ್ರಕ್ಕೆ ಎಕ್ಸ್-ರೇ ಬಿಟ್ಟರೆ ಐದು ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಯಾವ ಚುಕ್ಕೆ ಯಾರದೆಂದು ವಿಂಗಡಿಸದೆ ಯಾವುದು ನಿಜಕ್ಕೂ ಇಲ್ಲ ಎಂದು ಹೇಳಲಾಗದು.

ಚುಕ್ಕೆಗಳು ಒಂದೇ ಹರಳಿನವೋ ಅವಳಿಗಳವೋ ಎಂಬ ಇಂಥದ್ದೇ ಅನುಮಾನ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು. ಇಸ್ರೇಲಿನ ಡ್ಯಾನ್ ಶೆಕ್ಟ್‌ಮನ್ 1982ರಲ್ಲಿ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಹತ್ತರ ವೃತ್ತವಾಗಿ ನಿಂತ ಚುಕ್ಕೆಗಳನ್ನು ಕಂಡಾಗ, ಅವು ಅವಳಿ ಹರಳುಗಳ ಕಣ್ಕಟ್ಟು ಎಂದು ಲೈನಸ್ ಪಾಲಿಂಗ್ ವಾದಿಸಿದರು. ಅಲ್ಲಿ ಪಾಲಿಂಗ್ ಸೋತರು. ಪೆಟ್ಟಿಗೆಯೇ ಮರುಕಳಿಸದ ಹೊಸ ಬಗೆಯ ಜೋಡಣೆ ಅದೆಂದು ಸಾಬೀತಾಗಿ ಶೆಕ್ಟ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು. ಪೆಂಟಾಗೊನೈಟ್‌ನ ಮಟ್ಟಿಗೆ ಮಾತ್ರ ಅವಳಿಯ ವಿವರಣೆಯೇ ಸರಿ.

ಪುಣೆಯಲ್ಲಿ ಗೆರೆಗಳನ್ನು ಓದುವ ಈ ವಿದ್ಯೆ ಸಂಗ್ರಾಹಕರ ಹವ್ಯಾಸಕ್ಕಷ್ಟೇ ಸೀಮಿತವಲ್ಲ. 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ವೇಗವರ್ಧಕಗಳಾಗಿ ಬಳಸುವ ಜಿಯೊಲೈಟ್‌ಗಳ ಸಂಶೋಧನೆಗೆ ಹೆಸರಾಯಿತು. ಕ್ಯಾವನ್ಸೈಟ್‌ಗೆ ಆಸರೆಯಾದ ಸ್ಟಿಲ್ಬೈಟ್ ಕೂಡ ಜಿಯೊಲೈಟ್ ಕುಟುಂಬದ್ದೇ. ತಯಾರಾದ ಬಿಳಿ ಪುಡಿಯಲ್ಲಿ ಬೇಕಾದ ಹೆಣಿಗೆಯೇ ಕಟ್ಟಿದೆಯೋ ಎಂದು ತಿಳಿಯಲು ಮೊದಲು ನೋಡುವುದು ಅದರ ಗೆರೆಗಳನ್ನು. ಪುಡಿಯಲ್ಲಿ ಬೇರೆ ಬೇರೆ ವಿಳಾಸದ ಗೆರೆಗಳು ಒಂದರ ಮೇಲೊಂದು ಕೂರುವುದರಿಂದ ಹೊಸ ರಚನೆಯನ್ನು ಬಿಡಿಸಲು ಒಂಟಿ ಹರಳಿದ್ದರೆ ಕೆಲಸ ಸುಲಭ. ಗೊತ್ತಿರುವ ಖನಿಜವನ್ನು ಗುರುತಿಸಲು ಚಿಟಿಕೆ ಪುಡಿ ಸಾಕು: ಮೊದಲ ದೊಡ್ಡ ಗೆರೆ 11.1 ಡಿಗ್ರಿಯಲ್ಲಿದ್ದರೆ ಕ್ಯಾವನ್ಸೈಟ್, 10.7ರಲ್ಲಿದ್ದರೆ ಪೆಂಟಾಗೊನೈಟ್.